ಒಮ್ಮೆಯೂ ಕೆಡದ ಮೋಟಾರ್‌ಸೈಕಲ್‌ನ ಅಶಿಸ್ತಿನ ಕುರಿತು

ಹೊಳೆ ನೀರಿನ ಮಟ್ಟ ಮಾಪನ ಇಲಾಖೆ
(ವಾಹನ ಶಾಖೆ)

ಸುತ್ತೋಲೆ ಸಂಖ್ಯೆ: ಹೊನೀಮ/ವಾ.ಶಾ./ಕೆಡದ್ದು/೦೧

ವಿಷಯ: ಡಾಂಬರು ರಸ್ತೆ ಹಾಗೂ ಕಲ್ಲುದಾರಿ ಎರಡರಲ್ಲೂ ಓಡುವ ಇಲಾಖಾ ಮೋಟಾರ್‌ಸೈಕಲ್‌ನ ಅತಿಯಾದ ಮೈಲೇಜ್ ಮತ್ತು ರಿಪೇರಿಗೆ ಬಾರದಿರುವಿಕೆ.

ಉಲ್ಲೇಖ: (೧) ಮೋಟಾರ್‌ಸೈಕಲ್ ರಿಪೇರಿ ವಹಿ, ಒಂಬತ್ತು ವರ್ಷಗಳದ್ದು (ಖಾಲಿ).
(೨) ಮೆಕ್ಯಾನಿಕ್‌ರವರ ಲಿಖಿತ ಸಮಜಾಯಿಷಿ.
(೩) ಮಟ್ಟ ಓದುವವರ ಚೀಟಿ, ಏಳನೇ ತಿರುವಿನಿಂದ.

ಬೆಟ್ಟದ ಮೇಲಿನ ಹನ್ನೊಂದು ಕಟ್ಟೆಗಳಲ್ಲಿ ಪ್ರತಿದಿನ ನೀರಿನ ಮಟ್ಟ ಓದಿ, ಬೆಳಿಗ್ಗೆ ಹತ್ತರೊಳಗೆ ದೋಣಿಗಟ್ಟೆಗೆ ತಿಳಿಸುವ ಕೆಲಸಕ್ಕೆ ಸದರಿ ಮೋಟಾರ್‌ಸೈಕಲ್ಲನ್ನು ಒದಗಿಸಲಾಗಿದೆ. ಅಂದಿನ ಮಟ್ಟ ತಿಳಿಯದೆ ದೋಣಿ ಬಿಡುವಂತಿಲ್ಲ. ಇಲಾಖೆಯ ಜೀಪು ವಾರಕ್ಕೊಮ್ಮೆ ಕೆಟ್ಟು ಮೂರು ರಿಪೇರಿ ವಹಿಗಳನ್ನು ತುಂಬಿಸಿದ್ದು, ಅದರ ಮೆಕ್ಯಾನಿಕ್‌ರವರಿಗೆ ಪ್ರಶಂಸಾ ಪತ್ರ ನೀಡಲಾಗಿದೆ. ಮೋಟಾರ್‌ಸೈಕಲ್ ಮಾತ್ರ ಒಂದು ಪುಟವನ್ನೂ ತುಂಬಿಸಿಲ್ಲ. ಈ ಬಗ್ಗೆ ಕಚೇರಿಗೆ ಬೇಸರವಾಗಿದೆ. ಆದ್ದರಿಂದ ಕೆಳಕಂಡಂತೆ ಆದೇಶಿಸಲಾಗಿದೆ:

೧. ಮಂಜೂರಾದ ಮೈಲೇಜ್ ಲೀಟರಿಗೆ ಇಪ್ಪತ್ತೈದು ಕಿಲೋಮೀಟರ್. ವಾಹನವು ನಲವತ್ತೊಂದು ಕೊಡುತ್ತಿರುವುದು ಕಂಡುಬಂದಿದೆ. ಹೆಚ್ಚಿನ ಹದಿನಾರು ಕಿಲೋಮೀಟರನ್ನು ಓಡಿಯೇ ಇಲ್ಲವೆಂದು ಭಾವಿಸತಕ್ಕದ್ದು.

೨. ಮೇಲ್ಕಂಡ ಕಾರಣದಿಂದ ಟ್ಯಾಂಕಿನಲ್ಲಿ ಉಳಿಯುವ ಪೆಟ್ರೋಲ್ ಮುಗಿಯುವ ತನಕ ಸಂಜೆ ಕಚೇರಿಯ ಆವರಣದಲ್ಲಿ ಸುತ್ತು ಹೊಡೆಯತಕ್ಕದ್ದು. ಎದುರಾಗುವ ಮೇಲಧಿಕಾರಿಗಳಿಗೆ ಮೊದಲ ಸುತ್ತಿನಲ್ಲಿ ಮಾಡಿದ ನಮಸ್ಕಾರವೇ ಉಳಿದ ಸುತ್ತುಗಳಿಗೂ ಅನ್ವಯಿಸುತ್ತದೆ.

೩. ಇಳಿಜಾರಿನ ನೆರವಿನಿಂದ ಪೆಟ್ರೋಲ್ ಉಳಿಸುವ ಮುನ್ನ ಲಿಖಿತ ಅನುಮತಿ ಪಡೆಯತಕ್ಕದ್ದು. ಅನುಮತಿ ಬರುವವರೆಗೆ ಇಳಿಜಾರನ್ನು ಏರು ಎಂದೇ ಪರಿಗಣಿಸುವುದು.

೪. ವಾಹನವು ಮೂರು ತಿಂಗಳಿಗೆ ಕನಿಷ್ಠ ಎರಡು ಬಾರಿ ಕೆಡತಕ್ಕದ್ದು. ಕಚೇರಿಯ ವೇಳೆಯಲ್ಲೇ ಕೆಡುವುದು. ರಜಾ ದಿನಗಳಲ್ಲಿ ಕೆಟ್ಟಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

೫. ಒಂಬತ್ತು ವರ್ಷ ಒಂದೂ ರಿಪೇರಿ ಮಾಡದ ಮೆಕ್ಯಾನಿಕ್‌ರವರನ್ನು ಕೆಲಸವಿಲ್ಲದವರೆಂದು ಗುರುತಿಸಿ, ಕಳೆದ ತಿಂಗಳು ಹೊಳೆಯಾಚೆಯ ಹಳೇ ಕಡತಗಳ ಕೋಣೆಗೆ ವರ್ಗಾಯಿಸಿದ್ದನ್ನು ಈ ಮೂಲಕ ಖಾಯಂಗೊಳಿಸಲಾಗಿದೆ. ಸದರಿಯವರ ಸಮಜಾಯಿಷಿ ಹೀಗಿದೆ: "ಪ್ರತಿ ಶನಿವಾರ ಫಿಲ್ಟರ್ ತೊಳೀತೀನಿ, ಚೈನ್ ಬಿಗಿ ಮಾಡ್ತೀನಿ ಸಾರ್. ಕೆಟ್ಟ ಮೇಲೆ ಮಾಡೋದಕ್ಕೆ ನಿಮ್ಮ ವಹಿಯಲ್ಲಿ ಕಾಲಂ ಇದೆ. ಕೆಡದ ಹಾಗೆ ನೋಡ್ಕೊಳ್ಳೋದಕ್ಕೆ ಎಲ್ಲಿದೆ? ಗಾಡಿ ನನಗೆ ಮಗಳಿದ್ದ ಹಾಗೆ. ಜ್ವರ ಬರ್ಲಿ, ಆಮೇಲೆ ನೋಡೋಣ ಅಂತ ಕೂರೋಕಾಗುತ್ತಾ?" ಮೋಟಾರ್‌ಸೈಕಲ್ ಅವರ ಮಗಳೆಂದು ಸೇವಾ ಪುಸ್ತಕದಲ್ಲಿ ನಮೂದಾಗಿಲ್ಲ. ಸಮಜಾಯಿಷಿಯನ್ನು ತಿರಸ್ಕರಿಸಲಾಗಿದೆ.

೬. ಸದರಿಯವರು ಹೋದ ಹತ್ತೊಂಬತ್ತನೇ ದಿನ ವಾಹನವು ಬೆಟ್ಟದ ಏಳನೇ ತಿರುವಿನಲ್ಲಿ ಮೊದಲ ಬಾರಿಗೆ ಕೆಟ್ಟು ನಿಂತಿದ್ದು, ಕಚೇರಿಯು ತೃಪ್ತಿ ವ್ಯಕ್ತಪಡಿಸುತ್ತದೆ. ಮಟ್ಟ ಓದುವವರ ಚೀಟಿಯನ್ನು ಫೋನಿನಲ್ಲಿ ಓದಿಸಿಕೊಳ್ಳಲಾಯಿತು: "ಕಿಕ್ ಹೊಡೆದು ಹೊಡೆದು ಕಾಲು ಬಿದ್ದೋಯ್ತು ಸಾರ್. ಹನ್ನೊಂದು ಕಟ್ಟೆ ನಡೆದು ಮುಗಿಸೋಕೆ ಎರಡು ದಿನ ಬೇಕು. ನಮ್ಮಣ್ಣ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ. ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು." ಅಣ್ಣ ಎಂದರೆ ಮೆಕ್ಯಾನಿಕ್‌ರವರೆಂದು ವಿಚಾರಣೆಯಿಂದ ತಿಳಿದುಬಂದಿದೆ. ಗಾದೆಗೆ ಕಡತ ಸಂಖ್ಯೆ ಇಲ್ಲದ ಕಾರಣ ಪರಿಗಣಿಸಿಲ್ಲ.

೭. ಅಂದಿನ ಮಟ್ಟ ಅಂದೇ ಸಿಗದ ಕಾರಣ ಮೂರು ದಿನಗಳಿಂದ ದೋಣಿ ಬಿಟ್ಟಿಲ್ಲ. ಹಳೇ ಕಡತಗಳ ತಪಾಸಣೆಗೆಂದು ಹೊಳೆಯಾಚೆಗೆ ಹೋದ ಮುಖ್ಯ ಅಧಿಕಾರಿಗಳು ಅಲ್ಲಿಯೇ ಉಳಿದಿದ್ದಾರೆ. ಜೀಪಿನ ಮೆಕ್ಯಾನಿಕ್‌ರವರನ್ನು ಬೆಟ್ಟಕ್ಕೆ ಕಳುಹಿಸಲು ಕೋರಲಾಗಿ, ಅವರು ಜೀಪಿನ ಅಡಿಯಲ್ಲಿದ್ದಾರೆಂದು ಉತ್ತರ ಬಂದಿದೆ. ಫೋನಿನಲ್ಲಿ ನಟ್ಟು ಬಿಗಿಯಲು ಬರುವುದಿಲ್ಲವೆಂದು ವರ್ಗಾವಣೆಗೊಂಡ ಮೆಕ್ಯಾನಿಕ್‌ರವರು ತಿಳಿಸಿದ್ದಾರೆ.

೮. ಆದಕಾರಣ ಕಂಡಿಕೆ ೫ನ್ನು ರದ್ದುಪಡಿಸಿ, ಮೆಕ್ಯಾನಿಕ್‌ರವರನ್ನು ಮೊದಲಿನ ಜಾಗಕ್ಕೆ ಮರಳಿಸಲಾಗಿದೆ. ಮೋಟಾರ್‌ಸೈಕಲ್ ಸರಿಯಾಗಿ, ಮಟ್ಟ ತಿಳಿದು, ದೋಣಿ ಬಿಟ್ಟ ಕೂಡಲೇ ಅವರು ಹೊಳೆ ದಾಟಿ ಹೋಗಿ ಸದರಿ ಮೋಟಾರ್‌ಸೈಕಲ್ಲನ್ನು ಸರಿಪಡಿಸತಕ್ಕದ್ದು.

ಸಹಿ/-
ಮುಖ್ಯ ಅಧಿಕಾರಿ
(ಮೊಕ್ಕಾಂ: ದೋಣಿಗಟ್ಟೆಯ ಬೆಂಚು, ಹೊಳೆಯಾಚೆ)

ಪ್ರತಿಗಳು:
೧. ಜೀಪಿನ ಮೆಕ್ಯಾನಿಕ್‌ರವರಿಗೆ. ಹೊರಬಂದ ಮೇಲೆ ಓದಿಕೊಳ್ಳುವುದು.
೨. ಮಟ್ಟ ಓದುವವರಿಗೆ, ಏಳನೇ ತಿರುವು. ಕಂಡಿಕೆ ೨ರ ಸುತ್ತುಗಳನ್ನು ಸದ್ಯಕ್ಕೆ ತಳ್ಳಿಕೊಂಡು ಹೊಡೆಯುವುದು.
೩. ಅಂಬಿಗರಿಗೆ. ಎಷ್ಟು ಕೇಳಿಕೊಂಡರೂ ನಿಯಮ ಮೀರದಿದ್ದಕ್ಕೆ ಶ್ಲಾಘನೆ, ಒಲ್ಲದ ಮನಸ್ಸಿನಿಂದ.
೪. ಮೆಕ್ಯಾನಿಕ್‌ರವರಿಗೆ. ಇದೇ ಬೆಂಚಿನಲ್ಲಿ ಪಕ್ಕದಲ್ಲೇ ಕೂತಿರುವುದರಿಂದ ಕೈಯಲ್ಲೇ ಕೊಡಲಾಗಿದೆ. ಓದಿ, ಮಡಚಿ ಜೇಬಿಗಿಟ್ಟುಕೊಂಡು, ಅಲುಗಾಡುತ್ತಿದ್ದ ಬೆಂಚಿನ ನಟ್ಟನ್ನು ಬಿಗಿ ಮಾಡಿದ್ದಾರೆ. ಬೆಂಚು ಇನ್ನೂ ಮುರಿದಿರಲಿಲ್ಲವಾದ್ದರಿಂದ, ಇದನ್ನು ಯಾವ ಕಾಲಂನಲ್ಲಿ ಬರೆಯಬೇಕೆಂದು ಈ ಕಚೇರಿಗೆ ತಿಳಿಯುತ್ತಿಲ್ಲ.