ಒಂದೇ ಕುದುರೆಯ ಬೀದಿ

ಅಲ್ಲಾ ಸ್ವಾಮಿ, ಒಂದು ಗೇಣುದ್ದದ ಮರದ ಕುದುರೆ ಒಬ್ಬ ವಿದ್ವಾಂಸನ ಮಾನವನ್ನು ನಡುಬೀದಿಯಲ್ಲಿ ಹರಾಜು ಹಾಕುತ್ತದೆ ಎಂದರೆ ನಂಬುತ್ತೀರಾ? ಚನ್ನಪಟ್ಟಣದ ಡಾ. ಯೋಗಾನಂದರಿಗೆ ಆದದ್ದು ಅದೇ.

ಯೋಗಾನಂದರು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನದ ಮೇಷ್ಟ್ರು. ಯಜಮಾನನಿಲ್ಲದ ಹತ್ತಾರು ಕಂಪ್ಯೂಟರುಗಳು ಒಂದೇ ವಸ್ತುವನ್ನು ಕಿತ್ತಾಡದೆ ಹೇಗೆ ಬಳಸಬೇಕು ಎಂಬುದೇ ಅವರ ಜೀವಮಾನದ ಸಂಶೋಧನೆ. ಅವರು ನೆಚ್ಚಿಕೊಂಡ ಉತ್ತರ ಸರಳ: ಎಲ್ಲರ ನಡುವೆ ಒಂದೇ ಒಂದು ಟೋಕನ್ ಸುತ್ತುತ್ತಿರಬೇಕು, ಅದು ಯಾರ ಕೈಲಿದೆಯೋ ಅವರದೇ ಸರದಿ. ಕಂಪ್ಯೂಟರುಗಳು ಇದನ್ನು ತಕರಾರಿಲ್ಲದೆ ಒಪ್ಪಿದ್ದವು. ಅವರ ಬೀದಿಯ ಜನ ಕಂಪ್ಯೂಟರುಗಳಲ್ಲವಲ್ಲ.

ನಲ್ಲಿಯಲ್ಲಿ ನೀರು ಬಿಡುವ ದಿನ ಎಲ್ಲ ಮನೆಯವರೂ ಒಟ್ಟಿಗೇ ಮೋಟರ್ ಹಾಕಿ ಎಳೆಯುತ್ತಿದ್ದರು. ಯಾರಿಗೂ ನೀರು ಸಾಲದು, ಬೈಗುಳಕ್ಕೆ ಮಾತ್ರ ಬರವಿಲ್ಲ. ಯೋಗಾನಂದರು ಬೀದಿಯಲ್ಲೇ ಗೊಂಬೆ ಮಾಡುವ ಸಮೀವುಲ್ಲಾನಿಂದ ಒಂದು ಕೆಂಪು ಕುದುರೆ ಮಾಡಿಸಿ ನಿಯಮ ಹೊರಡಿಸಿದರು. ಕುದುರೆ ಇದ್ದ ಮನೆಯವರಷ್ಟೇ ಮೋಟರ್ ಹಾಕಬೇಕು, ಟ್ಯಾಂಕ್ ತುಂಬಿದ ಮೇಲೆ ಕುದುರೆಯನ್ನು ಪಕ್ಕದ ಮನೆಗೆ ಕೊಡಬೇಕು. ಸ್ವಾರ್ಥಿ ಅನ್ನಿಸಿಕೊಳ್ಳಬಾರದೆಂದು ತಮ್ಮ ಮನೆಯನ್ನು ಕಟ್ಟಕಡೆಗೆ ಇಟ್ಟುಕೊಂಡರು.

ಆಮೇಲೆ ಬೀದಿಯಲ್ಲಿ ಜಗಳದ ಸೊಲ್ಲೇ ಇಲ್ಲ. ಅದನ್ನೇ ಪ್ರಬಂಧವಾಗಿ ಬರೆದು, ಅದರ ಬಲದ ಮೇಲೆ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದರು. ಎರಡು ಸಲ ಕೈತಪ್ಪಿದ್ದ ಹುದ್ದೆ ಅದು. ಈ ಸಲವೂ ಹೋದರೆ ತಾವೇ ಪಾಠ ಹೇಳಿದ ಶಿಷ್ಯನ ಕೈಕೆಳಗೆ ದುಡಿಯಬೇಕಿತ್ತು.

ಆಯ್ಕೆ ಸಮಿತಿಯ ಮೇಡಂ ಪ್ರಯೋಗವನ್ನು ಕಣ್ಣಾರೆ ನೋಡಲು ಬುಧವಾರ ನೀರು ಬಿಡುವ ಹೊತ್ತಿಗೇ ಬರುವುದೆಂದಾಯಿತು. ಹಿಂದಿನ ಸಂಜೆ ಯೋಗಾನಂದರು ಮನೆಮನೆಗೂ ಹೋಗಿ ಕೈಮುಗಿದರು. ಕುದುರೆ ಯಾರ ಮನೆಯಲ್ಲಿರುತ್ತದೋ ಅವರು ಅದನ್ನು ಮೇಡಂಗೆ ಕಾಣುವಂತೆ ಕಾಂಪೌಂಡಿನ ಮೇಲೆ ಇಡಬೇಕೆಂದರು. ಎಲ್ಲರೂ ಆಗಲಿ ಎಂದರು.

“ನಿಮ್ ಮರ್ವಾದೆ ನಮ್ ಮರ್ವಾದೆ ಕಣಪ್ಪಾ, ಕುದ್ರೆಗೆ ಹೂವಾನೂ ಮುಡುಸ್ತೀನಿ” ಎಂದರು ಮೊದಲ ಮನೆಯ ಹನುಮಂತಮ್ಮ.

ಬೆಳಿಗ್ಗೆ ಮೇಡಂ ಕಾರಿಳಿದಾಗ ಹನುಮಂತಮ್ಮನ ಕಾಂಪೌಂಡಿನ ಮೇಲೆ ಚೆಂಡುಹೂವು ಮುಡಿದ ಕುದುರೆ ನಿಂತಿತ್ತು. ಯೋಗಾನಂದರ ಎದೆ ಉಬ್ಬಿತು. ಇದೇ ಟೋಕನ್ ಎಂದು ವಿವರಿಸುತ್ತಾ ಮುಂದೆ ನಡೆದರೆ, ಪಕ್ಕದ ಕಾಂಪೌಂಡಿನ ಮೇಲೂ ಒಂದು ಕೆಂಪು ಕುದುರೆ. ಅದರಾಚೆ ಇನ್ನೊಂದು. ಬೀದಿಯುದ್ದಕ್ಕೂ ಕುದುರೆಗಳು ಪಾಳೇಗಾರನ ದಂಡಿನಂತೆ ಸಾಲುಗಟ್ಟಿದ್ದವು. ಒಳಗೆ ಎಲ್ಲ ಮನೆಯ ಮೋಟರುಗಳೂ ಗೊರಗೊರ ಎನ್ನುತ್ತಿದ್ದವು. ನಲ್ಲಿಗಳಲ್ಲಿ ಹನಿ ನೀರಿರಲಿಲ್ಲ.

ಹನುಮಂತಮ್ಮ ಈಚೆ ಬಂದು ಬೀದಿ ನೋಡಿ ಬಾಯಿಯ ಮೇಲೆ ಕೈಯಿಟ್ಟರು. “ಅಯ್ಯೋ ಶಿವನೇ, ನಾನೊಬ್ಳೇ ಮಾಡ್ಸ್ಕಂಡಿವ್ನಿ ಅನ್ಕಂಡಿದ್ದೆ.”

ಅಷ್ಟೇ ಸಾಕಾಯಿತು. ನಿಂದು ಕಳ್ಳ ಕುದುರೆ, ನಿಂದೇ ಕಳ್ಳ ಕುದುರೆ ಎಂದು ಬೀದಿಯೆಲ್ಲ ಕೂಗಾಟ ಎದ್ದಿತು. ಯೋಗಾನಂದರ ಮೈ ಉರಿದುಹೋಯಿತು. ಉರಿಯದೆ ಇರುತ್ತದೆಯೇ? ಜೀವ ತೇಯ್ದು ಕಂಡುಕೊಂಡ ನಿಯಮಕ್ಕೆ ಈ ಜನ ಒಂದಿಷ್ಟು ಕೆಂಪು ಬಣ್ಣ ಬಳಿದು ಟೋಪಿ ಹಾಕುವುದೇ? ಗಲಾಟೆ ಕೇಳಿ ಬಂದ ಸಮೀವುಲ್ಲಾನನ್ನು ತಡೆದು ನಿಲ್ಲಿಸಿದರು. ಅವನೋ, ಗೊಂಬೆ ಕೇಳಿದವರಿಗೆ ಮಾಡಿಕೊಡುವುದು ತನ್ನ ಕಸುಬು, ಯಾತಕ್ಕೆ ಎಂದು ಕೇಳುವ ಪದ್ಧತಿಯಿಲ್ಲ ಎಂದ.

ತಮ್ಮ ಸಿದ್ಧಾಂತದಲ್ಲಿ ಲೋಪವಿಲ್ಲ, ಯಾರೋ ಒಬ್ಬ ಅಪ್ರಾಮಾಣಿಕನಿಂದ ಇಡೀ ಬೀದಿ ಕೆಟ್ಟಿದೆ ಎಂದು ಯೋಗಾನಂದರು ಮೇಡಂಗೆ ಹೇಳಿದರು. ಹಾಗಾದರೆ ಅದು ಯಾರೆಂದು ತಿಳಿಯಬೇಕಲ್ಲ ಎಂದರು ಮೇಡಂ.

“ಕೇಳಿದ್ಯಾ ಸಮೀವುಲ್ಲಾ? ಮೊದಲನೇ ಕಳ್ಳ ಕುದುರೆ ಮಾಡಿಸಿದ್ದು ಯಾರು? ಮೇಡಂ ಎದುರಿಗೇ ಹೇಳು.”

“ಬುಡಿ ಸಾರ್, ಆಗಿದ್ದು ಆಗೋಯ್ತು.”

“ಬಿಡೋ ಮಾತೇ ಇಲ್ಲ. ಅಂಥವರ ಮುಖಕ್ಕೆ ಮಂಗಳಾರತಿ ಎತ್ತಬೇಕು. ಹೇಳು.”

ಸಮೀವುಲ್ಲಾ ನೆಲ ನೋಡಿದ. “ನಿಮ್ಮನೆಯವ್ರೇ ಸಾರ್. ಮಿಕ್ಕೋರೆಲ್ಲ ಆಮೇಲೆ ಒಬ್ಬೊಬ್ರೇ ಗುಟ್ಟಾಗಿ ಬಂದ್ರು.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಚೈತ್ರಾ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಬಂದಳು.

“ಹೌದ್ರೀ, ನಾನೇ. ಊರಿಗೆ ಉಪಕಾರ ಮಾಡಕ್ಕೋಗಿ ನಮ್ಮನೇನ ಕೊನೇಗಾಕುದ್ರಿ. ಕುದ್ರೆ ಬರೋ ಹೊತ್ಗೆ ನೀರೇ ನಿಂತೋಗದು. ಹೇಳುದ್ರೆ, ಲೆಕ್ಕದ ಪ್ರಕಾರ ಬಂದೇ ಬತ್ತದೆ ಅಂತಿದ್ರಿ. ದಿನಾ ಬೆಳಿಗ್ಗೆ ಬಿಸಿಬಿಸಿಯಾಗಿ ಎರಡ್ ಬಕೀಟು ಹುಯ್ಕತಿದ್ರಲ್ಲ, ಅದ್ಯಾವ್ ನೀರು ಅನ್ಕಂಡಿದ್ರಿ?”

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ಹುದ್ದೆ ಶಿಷ್ಯನ ಪಾಲಾಯಿತೆಂದು ಯೋಗಾನಂದರಿಗೆ ಅಲ್ಲೇ ಗೊತ್ತಾಯಿತು.

ಕಾರು ಹತ್ತುವ ಮೊದಲು ಮೇಡಂ ಸಮೀವುಲ್ಲಾನನ್ನು ಪಕ್ಕಕ್ಕೆ ಕರೆದರು. ತಮ್ಮ ಅಪಾರ್ಟ್‌ಮೆಂಟಿನಲ್ಲೂ ನೀರಿಗೆ ಬಹಳ ಕಿತ್ತಾಟ, ಇಂಥದ್ದೊಂದು ಕುದುರೆ ಬೇಕಿತ್ತು ಎಂದರು.

“ಎಲ್ಲಾರ್ಗೂ ಸೇರಿ ಒಂದೇ ಸಾಕಾ ಮೇಡಂ, ಇಲ್ಲಾ ನಿಮ್ಗೆ ಅಂತ ಇನ್ನೊಂದು ಬೇಕಾ?”

ಮೇಡಂ ಅತ್ತಿತ್ತ ನೋಡಿ, ಸದ್ದಿಲ್ಲದೆ ಎರಡು ಬೆರಳು ತೋರಿಸಿದರು.