ಅತ್ತೆಯ ಕೋಣೆಗೆ ಹೊರಟ ನೀಲಿ ವೈರು

ಬೆಳಕು ಹರಿಯುವ ಮೊದಲೇ ನಾಕಿಗುಡ್ಡೆ ಇದ್ದಿಲೊಲೆ ಹೊತ್ತಿಸಿ, ಮಟೋಕೆ ಬಾಳೆಕಾಯಿಗಳ ಸಿಪ್ಪೆ ಹೆರೆದು, ಸ್ನಾನಕ್ಕೆ ನೀರು ಕಾಯಿಸಿ, ಮಕ್ಕಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ, ಬೂಟಿಗೆ ಪಾಲಿಶ್ ಉಜ್ಜಿ, ತನ್ನ ಅಮ್ಮನ ನೋಯುವ ಮಂಡಿಗೆ ಎಣ್ಣೆ ತಿಕ್ಕಿ ಮುಗಿಸಿದ್ದಳು. ಅಷ್ಟು ಹೊತ್ತಿಗೆ ಅವಳ ಗಂಡ ಸೆಬ್ಬೋವ ಮಾಡಿದ್ದು ಒಂದೇ ಕೆಲಸ: ಪ್ರತಿಜ್ಞೆ!

"ಇವತ್ತು ಈ ಮನೆ ಇಂಟರ್ನೆಟ್ಟಿಗೆ ರಾಜಮಾರ್ಗ ಹಾಕ್ತೀನಿ. ಇಡೀ ಕಂಪಾಲಾ ಬಂದು ನೋಡ್ಬೇಕು!"

"ಎಂಟು ಗಂಟೆಗೆ ನನ್ನ ಪಾಠ ಇದೆ ಕಣ್ರೀ. ಇನ್ನೊಂದ್ಸಲ ಮಧ್ಯದಲ್ಲಿ ಮಾಯವಾದ್ರೆ ಬೇರೆ ಟೀಚರ್ ನೋಡ್ಕೋತೀವಿ ಅಂದಿದಾರೆ."

"ಎಂಟಕ್ಕೆ ನೀನೇ ಮಂಡಿಯೂರಿ ಥ್ಯಾಂಕ್ಸ್ ಹೇಳ್ತೀಯ, ನೋಡ್ತಿರು!"

ವಿದೇಶಿಯರಿಗೆ ಇಂಟರ್ನೆಟ್ಟಿನಲ್ಲಿ ಲುಗಾಂಡಾ ಭಾಷೆ ಕಲಿಸುವ ಆ ಪಾಠ ನಡೆಯುತ್ತಿದ್ದುದು ಅಂಗಳದಾಚೆಯ ಹಿಂದಿನ ಕೋಣೆಯಲ್ಲಿ. ಲೈನು ಬರುವ ಮೋಡೆಮ್ಮೂ ವೈಫೈನ ಮುಖ್ಯ ಪೆಟ್ಟಿಗೆಯೂ ಹಜಾರದಲ್ಲಿ, ಸೆಬ್ಬೋವನ ಟಿವಿಯ ಮಗ್ಗುಲಲ್ಲಿ. ಅದರ ಸಿಗ್ನಲ್ಲನ್ನು ಹಿಡಿದು ಮುಂದಕ್ಕೆ ಹರಡುವ ಜೊತೆಗಾರ ಪೆಟ್ಟಿಗೆ ಮಾತ್ರ ಹಿಂದಿನ ಕೋಣೆಯಲ್ಲಿ. ಗೋಡೆಗಳನ್ನು ದಾಟಿ ಅದನ್ನು ಮುಟ್ಟುವಷ್ಟರಲ್ಲಿ ಸಿಗ್ನಲ್ಲಿಗೆ ಏದುಸಿರು. ಎರಡು ಪೆಟ್ಟಿಗೆಗಳ ನಡುವೆ ಒಂದು ವೈರು ಎಳೆದರೆ ತೀರಿತು.

ಆದರೆ ಹಿಂದಿನ ಕೋಣೆಯಲ್ಲಿ ಈಗ ನಾಕಿಗುಡ್ಡೆಯ ಅಮ್ಮ ಇದ್ದರು! ಅವರ ಸಂಪ್ರದಾಯದಲ್ಲಿ ಅಳಿಯನಾದವನು ಅತ್ತೆಯ ಕೋಣೆಗೆ ಕಾಲಿಡುವುದುಂಟೆ, ಮುಖಕ್ಕೆ ಮುಖ ಕೊಟ್ಟು ಮಾತಾಡುವುದುಂಟೆ? ಸೆಬ್ಬೋವ ನೀಲಿ ವೈರಿನ ಒಂದು ತುದಿಯನ್ನು ಮುಖ್ಯ ಪೆಟ್ಟಿಗೆಗೆ ಚುಚ್ಚಿ, ಅತ್ತೆಯ ಬಾಗಿಲಿಗೆ ಬೆನ್ನು ಹಾಕಿ, ಇನ್ನೊಂದು ತುದಿಯನ್ನು ಹಿಂಗೈಯಲ್ಲಿ ಸಂದಿಯೊಳಕ್ಕೆ ತಳ್ಳಿ, "ಇದನ್ನ ಪೆಟ್ಟಿಗೆಗೆ ಚುಚ್ಚಬೇಕಂತೆ" ಎಂದು ಗಾಳಿಗೆ ಹೇಳಿ ಓಟ ಕಿತ್ತ.

ಅಮ್ಮ ಹೌಹಾರಿದರು. "ಅಳಿಯಂದ್ರ ಕೈಯಿಂದ ನೇರವಾಗಿ ಇಸ್ಕೊಳ್ಳೋದಾ!" ಊರುಗೋಲಿನಿಂದ, ಬಹಳ ಮರ್ಯಾದೆಯಾಗಿ, ಅದನ್ನು ಹೊರಕ್ಕೆ ನೂಕಿದರು.

ಅಂಗಳದಲ್ಲಿ ಅನಾಥವಾಗಿ ಬಿದ್ದಿದ್ದ ತುದಿಯನ್ನು ಕಂಡ ಸೆಬ್ಬೋವ, ಇದನ್ನು ಚುಚ್ಚುವುದೇ ಮರೆತೆನಲ್ಲ ಎಂದು ಹಜಾರಕ್ಕೆ ಎಳೆತಂದ. ಪೆಟ್ಟಿಗೆಯಲ್ಲಿ ಖಾಲಿ ತೂತೊಂದು ಕಂಡಿತು. ಚುಚ್ಚಿದ! ದೀಪಗಳೆಲ್ಲ ಹುಚ್ಚೆದ್ದು ಮಿಣುಕಿ ಕೆಂಪಾದವು. ಟಿವಿ ಸತ್ತಿತು. ನಾಕಿಗುಡ್ಡೆ ಸೌಟು ಹಿಡಿದೇ ಓಡಿಬಂದಳು.

"ಏನ್ಮಾಡಿದ್ರಿ?"

"ಎರಡೂ ತುದಿ ಹಾಕಿದೀನಿ!"

"ಯಾವುದಕ್ಕೆ?"

"ಪೆಟ್ಟಿಗೆಗೆ!"

"ಯಾವ ಪೆಟ್ಟಿಗೆಗೆ, ಮಹಾರಾಯ್ರೆ?"

ಸೆಬ್ಬೋವ ಬಗ್ಗಿ ನೋಡಿದ. ವೈರು ಪೆಟ್ಟಿಗೆಯಿಂದ ಹೊರಟು, ಅತ್ತೆಯವರ ಕ್ಷೇಮಸಮಾಚಾರ ವಿಚಾರಿಸಿಕೊಂಡು, ಅದೇ ಪೆಟ್ಟಿಗೆಗೆ ವಾಪಸಾಗಿತ್ತು! ಇಂಟರ್ನೆಟ್ಟು ತನ್ನನ್ನು ತಾನೇ ಅಟ್ಟಿಸಿಕೊಂಡು ಸುತ್ತುತ್ತಿತ್ತು.

"ನಿಮ್ಮಮ್ಮ ವಾಪಸ್ ನೂಕಿದ್ರೆ ನಾನೇನ್ಮಾಡ್ಲಿ? ನಾಳೆ ಬೇರೆ ಥರ ಮಾಡ್ತೀನಿ. ಈಗ ತಿಂಡಿ ಹಾಕು."

ಹಾಕಿದಳು. ಅವನು ತಟ್ಟೆ ಹಿಡಿದು ಜಗಲಿಗೆ ನಡೆದ.

ಎಂಟಾಗಲು ಸ್ವಲ್ಪವೇ ಹೊತ್ತಿತ್ತು. ವೈರಿನ ಒಂದು ತುದಿಯನ್ನು ಕಿತ್ತು ಕೈಯಲ್ಲಿ ಹಿಡಿದು ನಾಕಿಗುಡ್ಡೆ ನಿಂತಳು. ಇದನ್ನು ಜೊತೆಗಾರ ಪೆಟ್ಟಿಗೆಗೆ ಚುಚ್ಚಿದರೆ ಇವತ್ತಿನ ಪಾಠ ಉಳಿಯುತ್ತದೆ. ನಾಳೆ? ಮುಖ್ಯ ಪೆಟ್ಟಿಗೆ ಇಲ್ಲೇ ಅವನ ಕೈಗೆ ಸಿಗುವಂತಿರುತ್ತದೆ, ಅವನ ಬಾಯಲ್ಲಿ ಹೊಸ ಪ್ರತಿಜ್ಞೆ ಇರುತ್ತದೆ.

ಅವಳು ಯಾರನ್ನೂ ಕೇಳಲಿಲ್ಲ. ಮೋಡೆಮ್ಮಿಗೆ ನೀಲಿ ವೈರು ಚುಚ್ಚಿ, ಮುಖ್ಯ ಪೆಟ್ಟಿಗೆಯನ್ನೇ ಕಂಕುಳಲ್ಲಿಟ್ಟುಕೊಂಡು, ವೈರನ್ನು ಅಂಗಳದುದ್ದಕ್ಕೂ ಎಳೆದೊಯ್ದು, ಎರಡನ್ನೂ ಅಮ್ಮನ ಮಂಚದ ತಲೆದೆಸೆಯಲ್ಲಿ ಜೋಡಿಸಿದಳು. ಜೊತೆಗಾರ ಪೆಟ್ಟಿಗೆಯನ್ನು ತಂದು ಟಿವಿಯ ಪಕ್ಕ ಕೂರಿಸಿದಳು. ದೀಪ ಹಸಿರಾಯಿತು. ಪಾಠ ಶುರುವಾಯಿತು.

ಪಾಠ ಮುಗಿಯುವ ಹೊತ್ತಿಗೆ ಬಾಗಿಲಾಚೆ ಕೆಮ್ಮು ಕೇಳಿಸಿತು. ಸೆಬ್ಬೋವ ಬೆನ್ನು ತಿರುಗಿಸಿ ನಿಂತಿದ್ದ.

"ಲೇ, ನನ್ನ ಮ್ಯಾಚು ನಿಂತು ನಿಂತು ಬರ್ತಿದೆ! ಮುಖ್ಯ ಪೆಟ್ಟಿಗೆ ಎಲ್ಲೇ?"

"ಇಲ್ಲೇ ಇದೆ, ಅಮ್ಮನ ದಿಂಬಿನ ಹತ್ರ. ಬನ್ನಿ, ಒಳಗೆ ಬಂದು ಸರಿ ಮಾಡಿ!"