ಕಿಟಕಿ ಪಕ್ಕದ ಬೆಂಚು

ಕನ್ನಡಕದಂಗಡಿಯವರಿಗೂ ದೇವರಿಗೂ ಯಾವ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಬಡಗಿಯ ಮೇಲೆ. ಹೋದ ಭಾನುವಾರ ಪ್ರಾರ್ಥನಾ ಮಂದಿರಕ್ಕೆ ಹೋದರೆ, ಕಿಟಕಿ ಪಕ್ಕದ ಬೆಂಚಿನ ತುದಿಯಲ್ಲಿ, ಮದುವೆಯಾದಾಗಿನಿಂದ ಅವರೊಬ್ಬರೇ ಕೂತು ಬಂದ ಜಾಗದಲ್ಲಿ, ಬಡಗಿ ಕಣ್ಣು ಮುಚ್ಚಿಕೊಂಡು ಕೂತಿದ್ದ. ಇವರು ಕೆಮ್ಮಿದರು. ಅವನು ಕಣ್ಣನ್ನೂ ತೆರೆಯದೆ, ನೊಣ ಓಡಿಸುವವನ ಹಾಗೆ, ಮುಂದೆ ಹೋಗಿ ಎಂದು ಕೈ ಬೀಸಿದ.

ಅಷ್ಟೇ ಸಾಕಾಯಿತು. ಈ ಭಾನುವಾರ ಅವರು ಮನೆಯ ಆರಾಮಕುರ್ಚಿಯಲ್ಲಿ ಬೈಬಲ್ ಹಿಡಿದು ಕೂತುಬಿಟ್ಟರು.

"ಸಭೆಗೆ ಬರಲ್ವಾ?" ಎಂದಳು ಹೆಂಡತಿ.

"ಬರಲ್ಲ. ದೇವರು ಇಲ್ಲೂ ಇದಾನೆ. ಬಡಗಿ ಇಲ್ಲ."

"ಯಾರಾದ್ರೂ ಕೇಳಿದ್ರೆ?"

"ಇದ್ದದ್ದನ್ನ ಹೇಳು. ನನಗೇನು ಭಯ!"

ಭಯ ಹೆಂಡತಿಗಿತ್ತು. ಇಷ್ಟು ವಯಸ್ಸಾದ ಗಂಡ ಬೆಂಚಿಗೋಸ್ಕರ ಮುನಿಸಿಕೊಂಡಿದ್ದಾನೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಪಕ್ಕದ ಮನೆಯ ನರ್ಸಮ್ಮ ಕೇಳಿದಾಗ, "ಸ್ವಲ್ಪ ಹುಷಾರಿಲ್ಲ" ಎಂದುಬಿಟ್ಟಳು. ಹಾಡುವ ತಂಡಕ್ಕೆ ತಲುಪುವಾಗ ಅದು ಹೊಟ್ಟೆನೋವಾಗಿತ್ತು. ಬಾಗಿಲ ಬಳಿ ಎದೆನೋವಾಯಿತು. ಕೊನೆಯ ಆಮೆನ್ ಮುಗಿಯುವ ಹೊತ್ತಿಗೆ ಸಭಾಪಾಲಕರು, "ಸಹೋದರರ ಮನೆಗೆ ಎಲ್ಲರೂ ಹೋಗೋಣ" ಎಂದು ಎದ್ದೇಬಿಟ್ಟಿದ್ದರು.

ಬಾಗಿಲು ತೆರೆದ ಕನ್ನಡಕದಂಗಡಿಯವರಿಗೆ ಕಂಡದ್ದು ಇಡೀ ಸಭೆ.

"ನನಗೇನೂ ಆಗಿಲ್ಲ! ಗುಂಡುಕಲ್ಲಿನ ಹಾಗಿದೀನಿ!"

"ಈ ಕಾಯಿಲೆಯವರೆಲ್ಲ ಹೀಗೇ ಹೇಳೋದು," ಎಂದು ನರ್ಸಮ್ಮ ಅವರ ರಟ್ಟೆ ಹಿಡಿದು ಮಂಚಕ್ಕೆ ಎಳೆದರು. ಹಿಂದಿನಿಂದ ಹೆಂಡತಿ, ಮಾನ ಉಳಿಸಿ ಎಂಬಂತೆ ಕೈ ಮುಗಿಯುತ್ತಿದ್ದಳು. ಅವರು ಹಲ್ಲು ಕಚ್ಚಿಕೊಂಡು ಮಲಗಿದರು.

ನರ್ಸಮ್ಮ ಕತ್ತಿನವರೆಗೂ ಕಂಬಳಿ ಹೊದಿಸಿದರು. ಸಭಾಪಾಲಕರು ಆರೋಗ್ಯಕ್ಕಾಗಿ ಪ್ರಾರ್ಥಿಸಿದರು, ಆಮೇಲೆ ಅಂಗಡಿಗಾಗಿ, ಆಮೇಲೆ, ಒಂದುವೇಳೆ ಬೇಕಾದೀತೆಂದು, ಪರಲೋಕಕ್ಕಾಗಿಯೂ. ಕಂಬಳಿಯೊಳಗೆ ಬೆವರುತ್ತ ಇವರು ಒಂದು ಕಣ್ಣು ತೆರೆದು ನೋಡಿದರು. ಅವರ ಆರಾಮಕುರ್ಚಿಯಲ್ಲಿ ಬಡಗಿ ಕೂತಿದ್ದ.

ಮೈಯೆಲ್ಲ ಉರಿದುಹೋಯಿತು. "ಬಚ್ಚಲಿಗೆ ಹೋಗಿ ಬರ್ತೀನಿ," ಎಂದು ಎದ್ದವರು ಹಿತ್ತಲ ಬಾಗಿಲಿನಿಂದ ಬೀದಿಗಿಳಿದರು. ನೇರವಾಗಿ ಮಂದಿರಕ್ಕೆ ನಡೆದರು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

"ನೋಡು ಸ್ವಾಮಿ," ಎಂದು ಮೇಲೆ ನೋಡಿ ಗಟ್ಟಿಯಾಗಿಯೇ ಹೇಳಿದರು. "ನಿನ್ನ ಮೇಲೆ ನನಗೆ ಕೋಪ ಇಲ್ಲ. ನಿನ್ನ ಜನ ಇದಾರಲ್ಲ, ಅವರು ಬೇಡ. ನಾನು, ನೀನು, ಈ ಜಾಗ. ಸಾಕು."

ಕಿಟಕಿಯ ಗಾಳಿ ತಣ್ಣಗಿತ್ತು. ಬೆಂಚಿನ ತುದಿಯಲ್ಲಿ ಮೆಲ್ಲಗೆ ಕೂತು, ಒಂದು ಸ್ತೋತ್ರಗೀತೆ ಎತ್ತಿಕೊಂಡರು. ಮೊದಲ ಸಾಲು ಮುಗಿಯಿತು. ಎರಡನೆಯದನ್ನು ಎತ್ತಬೇಕಾದವನು ಬಡಗಿ. ಪ್ರತಿ ಭಾನುವಾರ ರಾಗ ಕೆಡಿಸಿಕೊಂಡೇ ಎತ್ತುತ್ತಿದ್ದ. ಇವರು ಕಾದರು. ಯಾರೂ ಎತ್ತಲಿಲ್ಲ. ಎದೆಯೊಳಗೆ ಏನೋ ಖಾಲಿಯಾದಂತಾಯಿತು. ಅದನ್ನು ಒಪ್ಪಿಕೊಳ್ಳಲು ಮನಸ್ಸಾಗದೆ, ಎರಡನೆಯ ಸಾಲನ್ನು ತಾವೇ ಕಿರುಚಿ, ಬೆನ್ನು ಒರಗಿಸಿ ಗಟ್ಟಿಯಾಗಿ ಕೂತರು.

ಬೆಂಚಿನ ಕಾಲು ಲಟಕ್ಕೆಂದಿತು. ಅವರ ಕಾಲೂ ಲಟಕ್ಕೆಂದಿತು.

"ಅಯ್ಯಯ್ಯೋ! ಅಲ್ಲಿ ಯಾಕ್ರೀ ಕೂತ್ರಿ?" ಬಾಗಿಲಲ್ಲಿ ಬಡಗಿ ನಿಂತಿದ್ದ, ಕೈಯಲ್ಲಿ ಉಳಿ, ಕಂಕುಳಲ್ಲಿ ಹೊಸದಾಗಿ ಕೆತ್ತಿದ ಬೆಂಚಿನ ಕಾಲು. "ಅದರ ಕಾಲು ಸಡಿಲ ಆಗಿತ್ತು. ನೀವು ಬಿದ್ದೀರಿ ಅಂತ ಹೋದ ವಾರ ಪ್ರಾರ್ಥನೆ ಮುಗಿಯೋವರೆಗೂ ಆ ಕಾಲಿಗೆ ಮೊಣಕಾಲು ಒತ್ತುಕೊಟ್ಟು ಕೂತಿದ್ದೆ. ಹೊಸ ಕಾಲು ಕೆತ್ತಿ ಮುಗಿದಿರಲಿಲ್ಲ, ಇವತ್ತೂ ಅಷ್ಟೇ. ನನ್ನ ಮೊಣಕಾಲು ಬಿದ್ದುಹೋಗಿದೆ, ಅದಕ್ಕೇ ನಿಮ್ಮ ಕುರ್ಚೀಲಿ ಕೂತೆ."

"ಹೇಳೋಕೇನಾಗಿತ್ತು ಧಾಡಿ?"

"ಪ್ರಾರ್ಥನೆ ಮಧ್ಯೆ ಹೇಗೆ ಹೇಳ್ಲಿ? ಆಮೇಲೆ ನೀವು ಮುಖ ತಿರುಗಿಸ್ಕೊಂಡು ಹೋದ್ರಿ."

ಬಡಗಿ ಕುಂಟುತ್ತಲೇ ಅವರನ್ನು ಬೆನ್ನಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಒಯ್ದ. ಸಂಜೆ, ಕಾಲಿಗೆ ದಪ್ಪ ಪಟ್ಟಿ ಹಾಕಿಸಿಕೊಂಡು ಅದೇ ಮಂಚದ ಮೇಲೆ ಮಲಗಿದಾಗ, ನರ್ಸಮ್ಮ ಸಂಭ್ರಮದಿಂದ ಕಂಬಳಿ ಹೊದಿಸಿದರು. "ಬೆಳಿಗ್ಗೇನೇ ಹೇಳಿದೆ ಹುಷಾರಿಲ್ಲ ಅಂತ. ನಂಬಿದ್ರಾ?"

"ಇವರಿಗೆ ಸಭೆಗೆ ಬರೋಕಾಗಲ್ಲ," ಎಂದರು ಸಭಾಪಾಲಕರು. "ವಾಸಿಯಾಗೋವರೆಗೂ ದಿನಾ ಸಂಜೆ ಸಭೆಯೇ ಇಲ್ಲಿಗೆ ಬರುತ್ತೆ."

"ದಿನಾನಾ!" ಎಂದು ಕನ್ನಡಕದಂಗಡಿಯವರು ಚೀರಿದರು. ಸಂತೋಷಕ್ಕೆ ಚೀರಿದರೆಂದು ನಾಲ್ಕಾರು ಜನ ಆಮೆನ್ ಎಂದರು.

ಕೂರಲು ಜಾಗ ಸಾಲದೆಂದು ಬಡಗಿ ಒಂದು ಬೆಂಚು ಹೊತ್ತು ತಂದು, ಮನೆಯ ಕಿಟಕಿಯ ಪಕ್ಕಕ್ಕೇ ಹಾಕಿದ. ಅದೇ ಬೆಂಚು, ಹೊಸ ಕಾಲು.

"ಆ ತುದಿ ನನ್ನದು!" ಎಂದು ಇವರು ಮಂಚದಿಂದ ಕೂಗಿದರು.

"ನಿಮ್ಮದೇ. ನೀವು ಎದ್ದು ಬರೋವರೆಗೂ ಕಾಯ್ತೀನಿ," ಎಂದು ಬಡಗಿ ಆ ತುದಿಯಲ್ಲೇ ಕೂತು, ಕಣ್ಣು ಮುಚ್ಚಿ, ರಾಗ ಕೆಡಿಸಿಕೊಂಡು ಹಾಡು ಶುರುಮಾಡಿದ.

ಕನ್ನಡಕದಂಗಡಿಯವರು ಗೋಡೆಯ ಕಡೆ ಹೊರಳಿದರು. ಹಾಡುವುದಿಲ್ಲ, ಏನೇ ಆದರೂ ಹಾಡುವುದಿಲ್ಲ. ಎರಡನೆಯ ಸಾಲಿಗೆ ಬಡಗಿ ಪೂರ್ತಿ ಹಳ್ಳ ಹಿಡಿದಾಗ ಮಾತ್ರ ತಡೆಯಲಾಗಲಿಲ್ಲ. ಅವನ ರಾಗ ತಿದ್ದುವುದಕ್ಕಷ್ಟೇ ಎಂದುಕೊಂಡು, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರು.